ಹೇಳಬಾರದ ಆರು ಅಂಕಿ

ಮಧ್ಯಾಹ್ನ ಎರಡೂವರೆಗೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಾಗ ನಾನು ಊಟದ ಡಬ್ಬಿ ತೊಳೆದು ಬ್ಯಾಗಿಗೆ ಹಾಕುತ್ತಿದ್ದೆ. ಅವಳ ಮುಖ ನೋಡಿದ ಕೂಡಲೇ ಪ್ರಾಕ್ಟಿಕಲ್ ಪರೀಕ್ಷೆ ಕೈಕೊಟ್ಟಿದೆ ಅಂದುಕೊಂಡೆ.

"ಯಾಕ, ಪ್ರೋಗ್ರಾಂ ಓಡ್ಲಿಲ್ಲೇನು?"

"ಅದು ಓಡ್ತ್ರಿ ಮೇಡಂ. ಕೆಲ್ಸ ಸಿಕ್ಕೈತ್ರಿ."

ಕೆಲಸ ಸಿಕ್ಕವರು ಹೀಗೆ ಬಿಳಿಚಿಕೊಂಡು ನಿಲ್ಲುತ್ತಾರೆಯೇ? ಅವಳ ಕೈಯಲ್ಲಿದ್ದ ಫೋನನ್ನು ಕಿತ್ತುಕೊಂಡು ಓದಿದೆ. ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯ ಮೇಲ್. ಟೆಸ್ಟಿಂಗ್ ವಿಭಾಗದಲ್ಲಿ ಟ್ರೇನಿ. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ತಪ್ಪು ಹುಡುಕುವುದರಲ್ಲಿ ಈ ಹುಡುಗಿಯನ್ನು ಮೀರಿಸುವವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿದಂತೆ. ಮೂರು ಸುತ್ತಿನ ಸಂದರ್ಶನ ಮುಗಿಸಿ ಒಂದು ತಿಂಗಳಿಂದ ಈ ಉತ್ತರಕ್ಕೇ ನಾವಿಬ್ಬರೂ ಕಾಯುತ್ತಿದ್ದೆವು. ಸಂತೋಷಕ್ಕೆ ನಾನು ಹೋ ಎಂದು ಕೂಗಿಯೇಬಿಟ್ಟೆ. ಪಕ್ಕದ ಮೇಜಿನ ಇತಿಹಾಸದ ಮೇಷ್ಟ್ರು ಬೆಚ್ಚಿ ಎದ್ದು ಕೂತರು.

ಆಮೇಲೆ ಕೆಳಗಿನ ಸಾಲು ಓದಿದೆ. ಇವತ್ತು ಸಂಜೆ ಐದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ. ಮೇಲ್ ಬಂದದ್ದು ಬೆಳಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಅವಳು ಪರೀಕ್ಷೆಯಲ್ಲಿದ್ದಳು, ಅವಳ ಫೋನು ಅಟೆಂಡರ್ ಹತ್ತಿರದ ರಟ್ಟಿನ ಡಬ್ಬಿಯಲ್ಲಿತ್ತು.

"ಒತ್ತು ಮತ್ತ! ನನ್ನ ಮಾರಿ ಏನ್ ನೋಡ್ತಿ?"

"ಒತ್ತಿದೆ ರಿ. ಒಟಿಪಿ ಹಾಕು ಅಂತೈತ್ರಿ. ಅದು ಅಪ್ಪನ ಫೋನಿಗೆ ಹೋಗೈತ್ರಿ."

"ಅಪ್ಪ ಎಲ್ಲದಾನ?"

"ಗುಡ್ಡದಾಗ ರಿ. ಕುರಿ ಮೇಯ್ಸಾಕ ಹೋಗ್ಯಾನ. ನೆಟ್‌ವರ್ಕ್ ಸಿಗವಲ್ದು."

ಅಪ್ಪನ ನಂಬರು ಯಾಕೆ ಕೊಟ್ಟೆ ಎಂದು ಬೈಯಲು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ. ಕೊಡಿಸಿದವಳು ನಾನೇ.

ಕೂಡ್ಲಿಗಿಯ ಈ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಊರು ಹರಪನಹಳ್ಳಿ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಹುಟ್ಟಿದವಳು ಎಂದು ನಮ್ಮವ್ವ ಹೇಳುತ್ತಿದ್ದಳು, ಅದರಲ್ಲಿ ಸುಳ್ಳೇನೂ ಇಲ್ಲ. ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಕೊನೆಯ ವರ್ಷದ ಹುಡುಗಿಯರನ್ನು ಲ್ಯಾಬಿನಲ್ಲಿ ಕೂರಿಸಿಕೊಳ್ಳುತ್ತೇನೆ. ಕೊಟ್ಟೂರಿನಿಂದ, ಹಗರಿಬೊಮ್ಮನಹಳ್ಳಿಯಿಂದ, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಸಂದರ್ಶನದಲ್ಲಿ ಹೇಗೆ ಕೂರಬೇಕು, ಮೇಲ್ ಹೇಗೆ ಬರೆಯಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಳದೆ ಹೇಗೆ ಹೇಳಬೇಕು, ಇಷ್ಟೇ ನಮ್ಮ ಪಾಠ. ನಿನ್ನ ಬಗ್ಗೆ ಹೇಳು ಅಂದರೆ ಅಪ್ಪನ ಹೆಸರು ಹೇಳಿ, ಅಣ್ಣಂದಿರೆಷ್ಟು ಹೇಳಿ, ಹೊಲ ಯಾವ ಕಡೆ ಇದೆ ಎಂದೂ ಹೇಳಿ, ತಮ್ಮ ಹೆಸರು ಮಾತ್ರ ಮರೆತುಬಿಡುತ್ತಿದ್ದರು. "ನಿಮ್ಮಪ್ಪನ್ನ ಕೆಲ್ಸಕ್ಕ ತಗೊಳ್ಳಾಕತ್ತಾರೇನು ಅವರು?" ಎಂದು ನಾನು ರೇಗುತ್ತಿದ್ದೆ. ರೇಗಿದರೂ ಅವು ನಗುತ್ತಿದ್ದವು.

ಕೆಲವು ವರ್ಷಗಳ ಹಿಂದೆ ಕೊಟ್ಟೂರಿನ ಕಡೆಯ ಒಬ್ಬಳು ಕೆಲಸ ಹುಡುಕುವ ಜಾಲತಾಣದಲ್ಲಿ ತನ್ನ ನಂಬರು ಹಾಕಿದಳು. ಕಂಪನಿಯವನೆಂದು ಹೇಳಿಕೊಂಡ ಯಾವನೋ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡತೊಡಗಿದ. ಅಣ್ಣನ ಕಿವಿಗೆ ಬಿತ್ತು. ಫೋನು ಹೋಯಿತು, ಫೋನಿನ ಜೊತೆ ಕಾಲೇಜೂ ಹೋಯಿತು. ಅವರ ಮನೆಗೆ ಮೂರು ಸಲ ಹೋಗಿ, ಜಗಲಿಯಲ್ಲಿ ಕೂತು ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದ ಮೇಲೆ ಆರು ತಿಂಗಳಿಗೆ ಅವಳನ್ನು ವಾಪಸು ಕಳಿಸಿದರು. ಆಗ ನಾನೊಂದು ನಿಯಮ ಮಾಡಿದೆ: ಫಾರಂ ತುಂಬುವಾಗ ಮನೆಯವರ ನಂಬರು ಹಾಕುವುದು. ಅಪ್ಪಂದಿರಿಗೆ ಬಹಳ ಹಿಡಿಸಿತು. "ಈ ಮೇಡಂ ಹತ್ರ ಮಗಳನ್ನ ಕಳಸಾಕ ಅಡ್ಡಿಯಿಲ್ರಿ" ಅಂದರು. ನಾನೂ ಉಬ್ಬಿದೆ. ಅಂಥ ನಂಬರು ಇಟ್ಟುಕೊಂಡವರು ಗುಡ್ಡದಲ್ಲಿದ್ದಾಗ ಏನು ಗತಿ ಎಂದು ಆಗ ನನಗೆ ಹೊಳೆಯಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ, ನೋಂದಾಯಿಸಿದ ನಂಬರು ಬದಲಿಸಲು ಎರಡು ಕೆಲಸದ ದಿನ ಬೇಕು ಎಂದಳು. ಐದು ಗಂಟೆಯ ಗಡುವನ್ನು ಆರಕ್ಕೆ ಮಾಡಿ ಎಂದು ಕೇಳಿದೆ. ಅದು ತನ್ನ ಕೈಯಲ್ಲಿಲ್ಲ, ಕಂಪ್ಯೂಟರು ತಾನೇ ಮುಚ್ಚಿಕೊಳ್ಳುತ್ತದೆ ಎಂದಳು. ಇಪ್ಪತ್ತು ವರ್ಷ ಕಂಪ್ಯೂಟರ್ ಕಲಿಸಿದವಳು ಫೋನು ಇಟ್ಟೆ.

ಹುಡುಗಿ ಅಪ್ಪನ ನಂಬರು ಒತ್ತುತ್ತಲೇ ಇದ್ದಳು. ಒಂಬತ್ತನೆಯ ಸಲವೋ ಹತ್ತನೆಯ ಸಲವೋ ರಿಂಗಾಯಿತು. ಸ್ಪೀಕರ್ ಹಾಕಿದಳು. ಗಾಳಿ, ಕುರಿಗಳ ಸದ್ದು, ಆಮೇಲೆ ಅವನ ದನಿ.

"ಅಪ್ಪಾ, ನಿನ್ನ ಫೋನಿಗೆ ಒಂದು ಮೆಸೇಜ್ ಬಂದೈತಿ ನೋಡು. ಆರು ಅಂಕಿ ಅದಾವು ಅದ್ರಾಗ."

ಸ್ವಲ್ಪ ಹೊತ್ತು ಗುಂಡಿ ಒತ್ತುವ ಸದ್ದು. "ಹೂಂ, ಬಂದೈತಿ."

"ಓದಪ್ಪಾ, ಲಗೂನ."

ಲೈನು ಹೋಯಿತೇನೋ ಎಂದು ಅವಳು ಫೋನು ಅಲ್ಲಾಡಿಸಿದಳು.

"ಅದನ್ನ ಹೇಳಂಗಿಲ್ಲವ್ವಾ," ಅಂದ. "ಸಂಜಿಗೆ ಮನಿಗೆ ಬರ್ತೀಯಲ್ಲ, ಬಾ."

"ಸಂಜಿ ತನಕ ಆಗಂಗಿಲ್ಲಪ್ಪಾ! ಕೆಲ್ಸದ್ದದು. ಐದರೊಳಗ ಹಾಕಬೇಕು."

"ಆಣಿ ಮಾಡೀನಿ. ಹೇಳಂಗಿಲ್ಲ." ಫೋನು ಇಟ್ಟುಬಿಟ್ಟ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಯಾರ ಮುಂದ ಆಣಿ ಮಾಡ್ಯಾನ?" ಎಂದೆ. ಅವಳಿಗೂ ತಿಳಿಯದು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, "ಐತ್ವಾರ ಹಂಪಸಾಗರದವರು ನನ್ನ ನೋಡಾಕ ಬರ್ತಾರ್ರಿ" ಎಂದಳು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ.

ನನಗೆ ಎಲ್ಲ ಅರ್ಥವಾಗಿಹೋಯಿತು. ಅಂದರೆ ಅರ್ಥವಾಯಿತು ಎಂದು ಅಂದುಕೊಂಡೆ. ಗಂಡಿನ ಕಡೆಯವರಿಗೆ ಮಾತು ಕೊಟ್ಟಿದ್ದಾನೆ. ಮಗಳನ್ನು ಕೆಲಸಕ್ಕೆ ಕಳಿಸುವುದಿಲ್ಲ ಎಂದು ಆಣೆ ಇಟ್ಟಿದ್ದಾನೆ. ನನ್ನ ಫೋನಿನಿಂದ ನಾನೇ ಮಾಡಿದೆ.

"ನಾನು ಕಾಲೇಜಿನ ಮೇಡಂ ಮಾತಾಡೋದು. ಆ ನಂಬರ್ ಹೇಳ್ರಿ, ಈಗಿಂದೀಗ್ಲೇ."

"ಯಾವ ಮೇಡಂ ರಿ?"

"ಕಂಪ್ಯೂಟರ್ ಮೇಡಂ! ತಡ ಮಾಡಬ್ಯಾಡ್ರಿ. ಇನ್ನ ಎರಡು ತಾಸಿನಾಗ ಎಲ್ಲಾ ಬಂದ್ ಆಗ್ತೈತಿ. ನಿಮ್ಮ ಮಗಳ ಬಾಳು ಮಣ್ಣುಪಾಲಾದ್ರ ನೀವ ಜವಾಬ್ದಾರಿ, ತಿಳ್ಕೊಳ್ರಿ!"

"ಹೌದೇನ್ರಿ?" ಅಂದ. ಆ ದನಿಯಲ್ಲಿ ಏನೋ ಗಟ್ಟಿಯಾಯಿತು. ನಾನು ಇನ್ನೂ ಜೋರಾಗಿ ಕೂಗಿದೆ. ಅವನು ಕಟ್ ಮಾಡಿದ. ಮತ್ತೆ ಮಾಡಿದರೆ ಫೋನು ಬಂದ್.

ಗಡಿಯಾರ ಮೂರು ತೋರಿಸುತ್ತಿತ್ತು. ಗುಡೇಕೋಟೆಯ ಆಚೆ ಅವರ ಊರು. ಬಸ್ಸಿಗೆ ಕಾಯುತ್ತಾ ಕೂತರೆ ಮುಗಿಯಿತು. ಲ್ಯಾಪ್‌ಟಾಪನ್ನು ಅವಳ ತೊಡೆಗೆ ಹಾಕಿ, ಸ್ಕೂಟಿ ಹತ್ತಿಸಿಕೊಂಡು ಹೊರಟೆ. ಪ್ರಿನ್ಸಿಪಾಲರಿಗೆ ಹೇಳಿ ಹೋಗಬೇಕಿತ್ತು. ಹೇಳಲಿಲ್ಲ.

ಸ್ಕೂಟಿ ಓಡಿಸುತ್ತಾ ನನಗೆ ಹಡಗಲಿಯ ಕಡೆಯ ಇನ್ನೊಬ್ಬ ಹುಡುಗಿ ನೆನಪಾಗುತ್ತಿದ್ದಳು. ನಾನು ಕಲಿಸಲು ಶುರು ಮಾಡಿದ ಹೊಸದರಲ್ಲಿ ಇದ್ದವಳು. ಮೊದಲ ಪ್ರಯತ್ನಕ್ಕೇ ಕೆಲಸ ಸಿಕ್ಕಿತ್ತು. ಅವಳ ಅಪ್ಪ ಕಾಲೇಜಿಗೆ ಬಂದು, ನನ್ನ ಮುಂದೆ ಕೂತು, ಚಹಾ ಕುಡಿದು, ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೋದ. ಅದು ಅವಳ ಕೈ ಸೇರಲಿಲ್ಲ. ನಾನು ಆವತ್ತು ಏನೂ ಮಾತಾಡಲಿಲ್ಲ. ಹಿರಿಯರು, ಅವರ ಮಗಳು, ನಾನ್ಯಾರು ಎಂದುಕೊಂಡೆ. ಆ ಮೌನ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅಲ್ಲಿಂದಾಚೆಗೆ ಯಾವ ಅಪ್ಪ ತಡೆದರೂ ಸುಮ್ಮನೆ ಕೂರುವುದಿಲ್ಲ ಎಂದು ತೀರ್ಮಾನಿಸಿದ್ದೆ.

"ಮೇಡಂ, ನಮ್ಮಪ್ಪ ಹಂಗ ಮಾಡಾಂವಲ್ರಿ," ಎಂದಳು ಹಿಂದಿನಿಂದ. ಗಾಳಿಗೆ ಅರ್ಧ ಕೇಳಿಸಿತು.

"ಎಲ್ಲಾರ ಅಪ್ಪಂದಿರೂ ಮೊದ್ಲ ಹಂಗ ಮಾಡೋರಲ್ಲ. ಸುಮ್ನ ಕುಂದ್ರು."

ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಅವಳ ಹಣೆ ತಾಗಿತು. ಅಳುತ್ತಿದ್ದಳೋ, ದೂಳಿಗೆ ಮುಖ ಮರೆಸಿಕೊಂಡಿದ್ದಳೋ, ಕೇಳಲಿಲ್ಲ. ಒಂದು ಕಡೆ ಮೋರಿ ಕೆಲಸಕ್ಕೆ ರಸ್ತೆ ಅಗೆದಿದ್ದರು. ಪಕ್ಕದ ಹೊಲದೊಳಗೆ ಇಳಿಸಿ, ಅವಳನ್ನು ಇಳಿಸಿ ನೂಕಿಸಿ, ಮತ್ತೆ ಹತ್ತಿಸಿಕೊಂಡೆ. ಹತ್ತು ನಿಮಿಷ ಅಲ್ಲೇ ಹೋಯಿತು. ಪೆಟ್ರೋಲಿನ ಮುಳ್ಳು ಕೆಂಪಿಗೆ ಬಂದಿತ್ತು. ಮನಸ್ಸಿನಲ್ಲೇ ಆ ಮನುಷ್ಯನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಹೋದೆ. ಒಂದಕ್ಕಿಂತ ಒಂದು ಖಾರ.

ಊರು ಮುಟ್ಟಿದಾಗ ನಾಲ್ಕು ಹತ್ತು. ಸ್ಕೂಟಿಯನ್ನು ಗುಡ್ಡದ ಬುಡದಲ್ಲಿ ಬಿಟ್ಟು ಹತ್ತಿದೆವು. ಆ ಗುಡ್ಡಗಳಲ್ಲಿ ಬಂಡೆ, ಮುಳ್ಳುಕಂಟಿ ಬಿಟ್ಟರೆ ಬೇರೇನಿಲ್ಲ, ಹೊತ್ತು ಮುಳುಗಿದರೆ ಕರಡಿ ಇಳಿಯುತ್ತವೆ. ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಮುಂದೆ ಓಡಿದಳು. ನಾನು ಬಂಡೆ ಹಿಡಿದು ಹಿಡಿದು ಹಿಂದೆ ಹತ್ತಿದೆ. ಫೋನಿಗೆ ಸಿಗ್ನಲ್ ಸಿಗುವ ಒಂದೇ ಒಂದು ಬಂಡೆ ಇದೆಯಂತೆ. ಅದರ ಮೇಲೆ ಕಂಬಳಿ ಹೊದ್ದು ಅವನು ಕೂತಿದ್ದ, ಕೆಳಗೆ ಕುರಿ ಹರಡಿದ್ದವು. ನಮ್ಮನ್ನು ಕಂಡು ದಡಕ್ಕನೆ ಎದ್ದ.

ನಾನು ಉಸಿರು ತಗೊಳ್ಳಲೂ ಇಲ್ಲ.

"ಯಾರ ಮುಂದ ಆಣಿ ಮಾಡಿದ್ರಿ? ಹಂಪಸಾಗರದವರ ಮುಂದನ? ಮಗಳು ಹಗಲೂ ರಾತ್ರಿ ಓದಿ ತಗೊಂಡ ಕೆಲ್ಸ ಅದು. ಅಪ್ಪ ಆದಾಂವ ಅದನ್ನ ಕೈಯಾಗ ಹಿಡ್ಕೊಂಡು ಕುಂತೀರಲ್ಲ, ನಾಚಿಕಿ ಆಗಂಗಿಲ್ಲ ನಿಮಗ? ಕುರಿ ಮಾರಿದಂಗ ಮಗಳನ್ನ ಮಾರಬೇಕಂತ ಮಾಡೀರೇನು?"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಹುಡುಗಿ "ಮೇಡಂ" ಎಂದು ನನ್ನ ತೋಳು ಹಿಡಿದಳು. ಅವನು ಕಂಬಳಿಯನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡ. ಸಿಟ್ಟಾಗಲಿಲ್ಲ. ನನ್ನನ್ನೇ ಕಣ್ಣು ಕಿರಿದು ಮಾಡಿ ನೋಡಿದ.

"ನಿಮ್ಮ ಮುಂದ ರಿ," ಎಂದ.

"ಏನು?"

"ಆಣಿ ರಿ. ನಿಮ್ಮ ಮುಂದ ಮಾಡಿದ್ದು ರಿ, ಮೇಡಂ."

ಮೂರು ವರ್ಷದ ಹಿಂದೆ ನಮ್ಮ ಕಾಲೇಜಿನ ಮಕ್ಕಳು ಆ ಸುತ್ತಿನ ಹಳ್ಳಿಗಳಲ್ಲಿ ಸೇವಾ ಶಿಬಿರ ಮಾಡಿದ್ದರು. ಈ ಹುಡುಗಿ ಆಗ ಕೊಟ್ಟೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಳು, ನಮ್ಮ ಕಾಲೇಜಿಗೆ ಬಂದಿರಲಿಲ್ಲ. ಈ ಊರಿನಲ್ಲಿ ಯಾವನೋ ಬ್ಯಾಂಕಿನವನೆಂದು ಫೋನ್ ಮಾಡಿ ಒಬ್ಬ ಮುದುಕಿಯಿಂದ ಒಟಿಪಿ ಕೇಳಿ ಅವಳ ಪಿಂಚಣಿಯನ್ನೆಲ್ಲ ಬಳಿದುಕೊಂಡಿದ್ದ. ನಾನು ಗುಡಿಯ ಕಟ್ಟೆಯ ಮೇಲೆ ಮೈಕು ಹಿಡಿದು ಒಂದು ತಾಸು ಅರಚಿದೆ. ಅಷ್ಟೂ ಸಾಲದೆ, ಊರಿನ ಹಿರಿಯರೊಬ್ಬರು ಮೈಲಾರದಿಂದ ತಂದಿಟ್ಟಿದ್ದ ಭಂಡಾರವನ್ನು ತಟ್ಟೆಯಲ್ಲಿ ತಂದರು. ಆ ಅರಿಶಿನ ಮುಟ್ಟಿ ಆಡಿದ ಮಾತನ್ನು ಅಲ್ಲಿ ಯಾರೂ ಮುರಿಯುವುದಿಲ್ಲ. ಊರಿನವರೆಲ್ಲ ಸಾಲಾಗಿ ಬಂದು ಮುಟ್ಟಿ ಆಣೆ ಮಾಡಿದರು. ಕಾಲೇಜಿಗೆ ಬಂದು ನಾನು ಆ ಫೋಟೋ ಎಲ್ಲರಿಗೂ ತೋರಿಸಿದೆ, ಕಲಿಸುವುದು ಅಂದರೆ ಹೀಗೆ ಎಂದು. ಆಮೇಲೆ ಮರೆತೆ. ಎಷ್ಟೋ ಊರು, ಎಷ್ಟೋ ಶಿಬಿರ.

ಅವನು ಮರೆತಿರಲಿಲ್ಲ. ಒಂದೊಂದೇ ಹೇಳಿದ.

"ಯಾರಿಗೂ ಹೇಳಬ್ಯಾಡ್ರಿ ಅಂದ್ರಿ. ತೋರಸೂ ಬ್ಯಾಡ್ರಿ ಅಂದ್ರಿ. ಹೊಟ್ಯಾಗ ಹುಟ್ಟಿದ ಮಗಳು ಫೋನ್ ಮಾಡಿ ಕೇಳಿದ್ರೂ ಹೇಳಬ್ಯಾಡ್ರಿ, ದನಿ ನಕಲು ಮಾಡ್ತಾರ, ನಂಬರೂ ಕದೀತಾರ ಅಂದ್ರಿ. ನಾನ ಕೇಳಿದ್ರೂ ಹೇಳಬ್ಯಾಡ್ರಿ ಅಂದ್ರಿ. ಕಳ್ಳರು ಅವಸರ ಮಾಡ್ತಾರ, ಹೆದರಸ್ತಾರ, ಎಲ್ಲಾ ಬಂದ್ ಆಗ್ತೈತಿ ಅಂತಾರ, ಹಂಗಂದ್ರ ಕಟ್ ಮಾಡಿ ಫೋನ್ ಬಂದ್ ಮಾಡ್ರಿ ಅಂದ್ರಿ. ಇವತ್ತ ನೀವು ಹಂಗ ಅಂದ್ರಿ. ನನಗ ಖಾತ್ರಿ ಆಗಿಬಿಡ್ತು ರಿ, ಕಳ್ಳರ ಅಂತ."

ಭೂಮಿ ಬಾಯಿ ಬಿಟ್ಟಿದ್ದರೆ ಆ ಬಂಡೆಯ ಸಮೇತ ಇಳಿದುಹೋಗುತ್ತಿದ್ದೆ. ನಾಚಿಕೆ ಅಂದರೆ ಏನೆಂದು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತೆ. ಮಗಳ ಎದುರಿಗೆ, ಕುರಿ ಮಾರಿದಂಗ ಎಂದಿದ್ದೆ.

"ಅಣ್ಣಾರ," ಎಂದೆ.

"ಅದಿರ್ಲಿ ಬಿಡ್ರಿ, ಗಂಟಿ ಎಷ್ಟಾತು?" ಎಂದ ಅವನು.

ನಾಲ್ಕು ಮೂವತ್ತೊಂದು.

ಲ್ಯಾಪ್‌ಟಾಪನ್ನು ಬಂಡೆಯ ಮೇಲಿಟ್ಟು ನನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟೆ. ಒಂದೇ ಕಡ್ಡಿ ಸಿಗ್ನಲ್, ಅದೂ ಬಂದು ಹೋಗಿ ಮಾಡುತ್ತಿತ್ತು. ಬಿಸಿಲಿಗೆ ಪರದೆ ಕಾಣಲೇ ಇಲ್ಲ. ಅವನು ಕಂಬಳಿ ಬಿಚ್ಚಿ ನಮ್ಮ ಮೂವರ ತಲೆಯ ಮೇಲೆ ಎಳೆದ. ಕುರಿಯ ವಾಸನೆ, ಬೆವರು, ಕತ್ತಲೆ, ಅದರೊಳಗೆ ಆ ಬಿಳಿ ಪುಟ ನಿಧಾನಕ್ಕೆ ತೆರೆಯಿತು. ಅವನು ಬಂದ್ ಮಾಡಿದ್ದ ಫೋನನ್ನು ಚಾಲೂ ಮಾಡಿದ, ಹುಡುಗಿ ಒಟಿಪಿಗಾಗಿ ಮತ್ತೆ ಒತ್ತಿದಳು. ಅವನ ಫೋನು ಕುಂಯ್ ಎಂದಿತು.

"ಹೇಳ್ರಿ," ಎಂದೆ.

"ಹೇಳಂಗಿಲ್ರಿ."

"ಅಣ್ಣಾರ! ಈಗ ನಾನ ಅಂತ ಗೊತ್ತಾತಲ್ಲ!"

"ನೀವ ಅಂತ ಗೊತ್ತಾತು ರಿ. ಆದ್ರ ಆಣಿ ಆಣೀನ. ಭಂಡಾರ ಮುಟ್ಟೀನಿ. ಹೇಳಂಗಿಲ್ಲ, ತೋರಸಂಗಿಲ್ಲ. ಎಲ್ಲಿ ಒತ್ತಬೇಕು ಅದನ್ನ ಹೇಳ್ರಿ, ನಾನ ಒತ್ತತೀನಿ."

ಜಗಳಕ್ಕೆ ಹೊತ್ತಿರಲಿಲ್ಲ. ಅವಳು ಅಂಕಿಯ ಗುಂಡಿಗಳನ್ನು ತೋರಿಸಿಕೊಟ್ಟಳು. ಅವನು ತನ್ನ ಕೀಪ್ಯಾಡ್ ಫೋನನ್ನು ಎದೆಗೆ ಅವಚಿಕೊಂಡು, ಇಣುಕಿ ನೋಡಿ, ಒಂದು ಬೆರಳಿನಿಂದ ಒತ್ತಿದ. ಮತ್ತೆ ಇಣುಕಿದ, ಮತ್ತೆ ಒತ್ತಿದ. ಒಂದು ಅಂಕಿ ಎರಡು ಸಲ ಬಿತ್ತು. ಪುಟ ಕೆಂಪಾಯಿತು. ತಪ್ಪಾಗಿದೆ, ಇನ್ನು ಎರಡು ಅವಕಾಶ ಉಳಿದಿವೆ.

ಎರಡನೆಯ ಸಲ ಸಂದೇಶ ಬರಲು ಏಳು ನಿಮಿಷ ಹಿಡಿಯಿತು. ಬಂದಮೇಲೆ ನಾಲ್ಕು ಅಂಕಿ ಒತ್ತಿದ್ದ. ಅಷ್ಟರಲ್ಲಿ ಕೆಳಗೆ ಒಂದು ಮರಿ ಕೂಗಿಕೊಂಡಿತು, ಅವನ ತಲೆ ಆ ಕಡೆ ತಿರುಗಿತು. ತಿರುಗಿ ನೋಡಿದಾಗ ಫೋನಿನ ದೀಪ ಆರಿ ಬೀಗ ಬಿದ್ದಿತ್ತು. ಬೀಗ ತೆಗೆದು ನೋಡಿ ಒತ್ತಿದ. ಹೊತ್ತು ಮೀರಿದೆ ಎಂದಿತು ಪುಟ. ನನ್ನ ಬಾಯಿಯ ತುದಿಗೆ ಒಂದು ಬೈಗುಳ ಬಂದಿತ್ತು, ಹಲ್ಲು ಕಚ್ಚಿ ಹಿಡಿದೆ. ನಾಲ್ಕು ಐವತ್ತೊಂದು.

ಹುಡುಗಿ ಆಗ ಮಾತಾಡಿದಳು. ಅಷ್ಟು ಹೊತ್ತು ಅಳುಮುಖ ಮಾಡಿಕೊಂಡಿದ್ದವಳ ದನಿ ಈಗ ತಣ್ಣಗಿತ್ತು. ಲ್ಯಾಬಿನಲ್ಲಿ ಪ್ರೋಗ್ರಾಮಿನ ತಪ್ಪು ಸಿಕ್ಕಾಗ ಅವಳ ದನಿ ಹಾಗಾಗುತ್ತದೆ.

"ಅಪ್ಪಾ, ಒಂದೊಂದು ನೋಡಿ ಒತ್ತಬ್ಯಾಡ. ಸಂಜಿಗೆ ಕುರಿ ಹೆಂಗ ಎಣಸ್ತಿ?"

"ಜೋಡಿ ಮ್ಯಾಲೆ."

"ಹಂಗ ಮಾಡು. ಮೂರು ಜೋಡಿ ಅದಾವು ಅಷ್ಟ. ನೋಡಿ ಮನಸಿನಾಗ ಇಟ್ಕೋ, ಫೋನು ಕಿಸೆದಾಗ ಹಾಕು, ಆಮ್ಯಾಲೆ ಒತ್ತು."

ಮೂರನೆಯದು, ಕೊನೆಯದು. ಸಂದೇಶ ಬಂದಾಗ ನಾಲ್ಕು ಐವತ್ತಾರು. ಅವನು ನೋಡಿದ. ಕಣ್ಣು ಮುಚ್ಚಿದ. ತುಟಿ ಮೂರು ಸಲ ಅಲ್ಲಾಡಿತು, ಸದ್ದು ಬರಲಿಲ್ಲ. ಫೋನನ್ನು ಕಿಸೆಗೆ ಹಾಕಿದ. ಆಮೇಲೆ ಒತ್ತಿದ, ಎರಡೆರಡಾಗಿ, ಮುಳ್ಳುಬೇಲಿಯ ಬಾಗಿಲಲ್ಲಿ ಕುರಿ ಬಿಟ್ಟುಕೊಂಡ ಹಾಗೆ. ನಾನು ಆ ಕಡೆ ನೋಡಲಿಲ್ಲ, ಕಂಬಳಿಯ ನೂಲು ನೋಡುತ್ತಾ ಕೂತಿದ್ದೆ.

ಪುಟದ ಮಧ್ಯೆ ಚಕ್ರ ತಿರುಗಿತು, ತಿರುಗಿತು. ನನ್ನ ಜೀವ ಆ ಚಕ್ರದಲ್ಲಿತ್ತು. ಹಸಿರು ಬಂತು. ಒಪ್ಪುತ್ತೇನೆ ಎಂಬ ಗುಂಡಿ ಮೂಡಿತು.

"ಇದೂ ನಾನ ಒತ್ತಬೇಕೇನ?" ಎಂದ.

"ಇಲ್ಲಪ್ಪಾ. ಇದು ನನ್ನದು," ಎಂದು ಅವಳು ಒತ್ತಿದಳು.

ಕಂಬಳಿ ಸರಿಸಿ ಮೂವರೂ ಗಾಳಿಗೆ ಬಂದೆವು. ನಾನು ಆ ಬಂಡೆಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅಪ್ಪ ಮಗಳು ನನ್ನನ್ನು ಸಮಾಧಾನ ಮಾಡುವ ಹಾಗಾಯಿತು ನೋಡಿ! ಮೂಗು ಒರೆಸಿಕೊಂಡು ಅವನ ಎದುರು ಕೈ ಜೋಡಿಸಿದೆ. "ತಪ್ಪಾತು ಅಣ್ಣಾರ. ನಾನು ಅನ್ನಬಾರದ ಮಾತು ಅಂದೆ."

"ಮಗಳ ಸಲುವಾಗಿ ಅಂದ್ರಿ," ಎಂದ. ಬೇಡ ಎನ್ನಲಿಲ್ಲ, ನೋವಾಗಲಿಲ್ಲ ಎಂದೂ ಹೇಳಲಿಲ್ಲ. "ಹಂಪಸಾಗರದವರು ಬರ್ಲಿ ರಿ. ಹಿಂಗಿಂಗ ಕೆಲ್ಸಕ್ಕ ಹೊಂಟಾಳ ಅಂತೀನಿ. ಕಾಯ್ತೀವಿ ಅಂದ್ರ ಕಾಯ್ಲಿ, ಇಲ್ಲಂದ್ರ ಬಂದ ಹಾದಿ ಐತಿ."

ಬಿಸಿಲು ಇಳಿಯುತ್ತಿತ್ತು. ಅವನು ಕುರಿಗಳನ್ನು ಕೂಗಿ ಒಟ್ಟು ಮಾಡತೊಡಗಿದ. ಹಾಗೆ ಮಾಡುತ್ತಲೇ ನಡುವೆ ನಿಂತು ನನ್ನ ಕಡೆ ತಿರುಗಿದ.

"ಮೇಡಂ, ಒಂದು ಕೇಳ್ಲೇನ್ರಿ?"

"ಕೇಳ್ರಿ."

"ಆಕಿ ಹುಬ್ಬಳ್ಳಿಗೆ ಹೋದ ಮ್ಯಾಲೆ ಫೋನ್ ಮಾಡ್ತಾಳ. ದನಿ ನಕಲು ಮಾಡ್ತಾರ ಅಂದ್ರಿ, ನಂಬರೂ ಕದೀತಾರ ಅಂದ್ರಿ. ಹಂಗಾದ್ರ ಆ ಕಡಿಂದ ಮಾತಾಡಾಕಿ ನನ್ನ ಮಗಳ ಅಂತ ನಾ ಹೆಂಗ ತಿಳ್ಕೋಬೇಕ್ರಿ? ಆರಾಮದೀನಪ್ಪಾ ಅಂತ ಅಂದ್ರ, ಅಂದಾಕಿ ಆಕೀನ ಅಂತ ಹೆಂಗ ನಂಬ್ಲಿ?"

ಎಷ್ಟೋ ಹುಡುಗಿಯರಿಗೆ ಫೋನಿನಲ್ಲಿ ಹೇಗೆ ಮಾತಾಡಬೇಕೆಂದು ಕಲಿಸಿದ್ದೇನೆ. ಈ ಕಡೆ ಬಂಡೆಯ ಮೇಲೆ ನಿಂತು ಕೇಳುವವನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಮೈಕಿನಲ್ಲಿ ಅವನಿಗೆ ಹೆದರಿಕೆಯನ್ನು ಕಲಿಸಿ ಬಂದಿದ್ದೆ, ಅಷ್ಟೇ.

ಹುಡುಗಿ ಅಪ್ಪನ ಹತ್ತಿರ ಹೋದಳು. ಅವನ ರುಮಾಲನ್ನು ಕಿವಿಯ ಹತ್ತಿರ ಸ್ವಲ್ಪ ಸರಿಸಿ, ಬಗ್ಗಿ, ಏನೋ ಒಂದು ಮಾತು ಹೇಳಿದಳು. ಚಿಕ್ಕ ಮಾತು. ಅವನು ಮೊದಲು ಹೋ ಎಂದು ನಕ್ಕ. ಆಮೇಲೆ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡ.

"ಅದ ಮಾತು ಅಂದ್ರ ನಾನ ಅಂತ ತಿಳ್ಕೊ," ಎಂದಳು.

"ಹೂಂ."

"ಏನಂದಿ ಲೇ?" ಎಂದೆ ನಾನು, ತಡೆಯಲಾರದೆ.

ಅವಳು ನಗುತ್ತಾ ಅಪ್ಪನ ಮುಖ ನೋಡಿದಳು. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅದನ್ನ ಹೇಳಂಗಿಲ್ರಿ ಮೇಡಂ," ಎಂದ.

ಇಬ್ಬರೂ ಕುರಿ ಹೊಡೆದುಕೊಂಡು ಮುಂದೆ ಇಳಿದರು. ನಾನು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಅವರ ಹಿಂದೆ ನಡೆದೆ.